ನಮ್ಮ ಮನೆಗೆ ಎಷ್ಟು ದೊಡ್ಡ ಫ್ರೀಝರ್ ಬೇಕು?

2023ರ ಬಕ್ರೀದ್ ಜೂನ್ ತಿಂಗಳ ಕೊನೆಗೆ ಬಂದಿತ್ತು. ಹೊರಗೆ ಮಳೆ. ನಮ್ಮ ಮನೆಯಲ್ಲಿ ಆ ವರ್ಷ ಎರಡು ಆಡುಗಳ ಕುರ್ಬಾನಿಯಾಗಿತ್ತು. ಹಂಚಬೇಕಾದವರಿಗೆ ಹಂಚಿದೆವು, ಸಂಬಂಧಿಕರ ಮನೆಗಳಿಗೂ ಕಳುಹಿಸಿದೆವು. ಉಳಿದದ್ದನ್ನು ನಾನು ಪೊಟ್ಟಣಗಳಲ್ಲಿ ಕಟ್ಟಿ ಫ್ರಿಜ್ಜಿನ ಮೇಲಿನ ಪುಟ್ಟ ಫ್ರೀಝರ್‌ನೊಳಗೆ ತುರುಕಿದೆ. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ದಮ್ಮಾಮಿನಲ್ಲಿರುವ ಮಗ ಆಗಸ್ಟ್‌ನಲ್ಲಿ ಊರಿಗೆ ಬರುವವನಿದ್ದ. ಅವನಿಗೆ ಕುರ್ಬಾನಿಯ ಮಾಂಸದ ಸಾರು ಮಾಡಿ ಬಡಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಮೂರನೆಯ ದಿನ ಸಂಜೆ ಅಸರ್ ನಮಾಝ್ ಮುಗಿಸಿ ಎದ್ದಾಗ ಬಾಗಿಲಲ್ಲಿ ಒಬ್ಬಾಕೆ ನಿಂತಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ. ರಸ್ತೆಯಾಚೆಯ ಬಾಡಿಗೆ ಕೋಣೆಗಳಲ್ಲಿ ವಾಸವಾಗಿದ್ದವಳು, ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದವಳು. ಮಗುವಿಗೆ ಜ್ವರವಿದ್ದುದರಿಂದ ಎರಡು ದಿನ ಹೊರಗೆ ಬರಲಾಗಲಿಲ್ಲವೆಂದು ಹೇಳಿ, "ಏನಾದರೂ ಉಳಿದಿದೆಯಾ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲ ಮುಗಿದು ಹೋಯಿತಲ್ಲಾ..." ಎಂದೆ.

ಆಕೆ "ಪರವಾಗಿಲ್ಲ" ಎಂದು ಮಗಳ ಕೈ ಹಿಡಿದು ಮಳೆಯಲ್ಲೇ ಹೊರಟು ಹೋದಳು. ನಾನು ಒಳಗೆ ಬಂದಾಗ ಫ್ರಿಜ್ಜು ಗುಂಯ್ ಎನ್ನುತ್ತಾ ತನ್ನ ಕೆಲಸ ಮಾಡುತ್ತಿತ್ತು. ಮುಗಿದಿರಲಿಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೂ ಗೊತ್ತಿತ್ತು.

ಅದೇ ರಾತ್ರಿ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ಮತ್ತೆ ಬಂದದ್ದು ಎರಡು ದಿನಗಳ ನಂತರ. ನಾನು ಕತ್ತಲಲ್ಲಿ ಮತ್ತೆ ಮತ್ತೆ ಬಾಗಿಲು ತೆರೆದು ನೋಡಿ ಇನ್ನಷ್ಟು ಕೆಡಿಸಿದೆ. ಎರಡನೆಯ ದಿನ ಪೊಟ್ಟಣಗಳೆಲ್ಲ ಮೆತ್ತಗಾಗಿ ನೀರು ಸೋರುತ್ತಿದ್ದವು. ಮಗನಿಗೆಂದು ಇಟ್ಟಿದ್ದ ಮಾಂಸವನ್ನು ತೋಟದಲ್ಲಿ ತೆಂಗಿನ ಬುಡದ ಪಕ್ಕ ಗುಂಡಿ ತೋಡಿ ಹೂಳಿದೆವು. ಇದು ನನಗೆ ಸಿಕ್ಕ ಶಿಕ್ಷೆ ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಆ ಗುಂಡಿಗೆ ಮಣ್ಣು ಎಳೆಯುವಾಗ ನನಗೆ ನೆನಪಾದದ್ದು ಮಗನಲ್ಲ, ಆ ಪ್ಲಾಸ್ಟಿಕ್ ಚೀಲ.

"ಮುಂದಿನ ವರ್ಷಕ್ಕೆ ಒಂದು ದೊಡ್ಡ ಡೀಪ್ ಫ್ರೀಝರ್ ತೆಗೆದುಕೊಳ್ಳೋಣ" ಎಂದರು ಯಜಮಾನರು. ನನಗೂ ಅದು ಸರಿಯೆನಿಸಿತು. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮೀನಿನ ಬೆಲೆ ಕೇಳುವಂತಿಲ್ಲ. ರಮಝಾನಿಗೆ ಮೊದಲೇ ಸಮೋಸ, ಕಟ್ಲೆಟ್ ಮಾಡಿಟ್ಟುಕೊಂಡರೆ ಉಪವಾಸದ ಸಂಜೆಗಳಲ್ಲಿ ಒಲೆಯ ಮುಂದೆ ನಿಲ್ಲುವ ಸಮಯ ಉಳಿದು ಕುರ್‌ಆನ್ ಪಾರಾಯಣಕ್ಕೆ ಸಿಗುತ್ತದೆ. ಬೇಕಾದ ವಸ್ತುವೇ ಅದು. ಹೀಗೆಂದುಕೊಂಡು ಪೇಟೆಯ ಅಂಗಡಿಗೆ ಹೋದೆವು.

ಅಲ್ಲಿ ಸಾಲಾಗಿ ನಿಂತ ಪೆಟ್ಟಿಗೆಗಳನ್ನು ನೋಡಿದಾಗ ನನಗೆ ಏನೂ ತಿಳಿಯಲಿಲ್ಲ. ಕೇಳುತ್ತಾ ಹೋದಂತೆ ಒಂದೊಂದೇ ಅರ್ಥವಾಯಿತು. ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆಯಂಥ ಫ್ರೀಝರ್ ಒಂದು ಬಗೆ. ತಣ್ಣನೆಯ ಗಾಳಿ ಭಾರವಾದುದರಿಂದ ಮುಚ್ಚಳ ತೆರೆದರೂ ಅದು ಕೆಳಗೇ ಉಳಿಯುತ್ತದೆ. ಕರೆಂಟ್ ಹೋದಾಗಲೂ ಹೆಚ್ಚು ಹೊತ್ತು ತಣ್ಣಗಿರುತ್ತದೆ. ಆದರೆ ತಳದಲ್ಲಿಟ್ಟದ್ದು ಮರೆತೇ ಹೋಗುತ್ತದೆ. ಬೀರುವಿನಂತೆ ಎದುರು ಬಾಗಿಲಿರುವುದು ಇನ್ನೊಂದು ಬಗೆ. ಇದರಲ್ಲಿ ಸಾಮಾನು ಕಣ್ಣಿಗೆ ಕಾಣುತ್ತದೆ, ಬಗ್ಗಬೇಕಾಗಿಲ್ಲ, ಸೊಂಟ ನೋವಿನವರಿಗೆ ಅನುಕೂಲ. ಆದರೆ ಬಾಗಿಲು ತೆರೆದಾಗಲೆಲ್ಲ ತಂಪು ಸುರಿದು ಹೋಗುತ್ತದೆ. ಗಾಜಿನ ಮುಚ್ಚಳದ್ದು ಐಸ್‌ಕ್ರೀಮ್ ಮಾರುವ ಅಂಗಡಿಗಳಿಗೆ ಸರಿ. ಮನೆಗೆ ದಪ್ಪ ಗಟ್ಟಿ ಮುಚ್ಚಳದ್ದೇ ಒಳ್ಳೆಯದು. ಯಾವುದೇ ಬಗೆಯಾಗಲಿ, ಒಳಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ತಂಪು ನಿಲ್ಲಬೇಕು.

ಅಂಗಡಿಯವ, "ಬಕ್ರೀದಿಗೆ ಅಲ್ಲವೇ? 300 ಲೀಟರಿನದ್ದು ತೆಗೆದುಕೊಳ್ಳಿ, ಮತ್ತೆ ಚಿಂತೆಯಿಲ್ಲ" ಎಂದ. ಯಜಮಾನರು ತಲೆಯಾಡಿಸಿದರು. ಮನೆಯಲ್ಲಿ ಒಂದು ಮಾತು ಹೇಳಿ ಬರುತ್ತೇವೆಂದು ಹಿಂದಿರುಗಿದೆವು.

ಅತ್ತೆಗೆ ವಯಸ್ಸು ಎಂಬತ್ತು ದಾಟಿದೆ. ಎಲ್ಲ ಕೇಳಿಸಿಕೊಂಡು, "300 ಲೀಟರ್ ಎಂದರೆ ಎಷ್ಟು ಮಾಂಸ ಹಿಡಿಯುತ್ತದೆ?" ಎಂದು ಕೇಳಿದರು. ಕಾಗದ ಪೆನ್ನು ಹಿಡಿದು ಕೂತೆವು. ಸಾಧಾರಣವಾಗಿ ಒಂದು ಲೀಟರ್ ಜಾಗದಲ್ಲಿ ಅರ್ಧ ಕಿಲೋ ಹಿಡಿಯುತ್ತದೆಂದರೆ 300 ಲೀಟರಿಗೆ 150 ಕಿಲೋ! ನಮ್ಮ ಒಂದು ಆಡಿನಿಂದ ಸಿಗುವುದು ಹೆಚ್ಚೆಂದರೆ 15 ಕಿಲೋ ಮಾಂಸ. ಎರಡು ಆಡುಗಳದ್ದು 30 ಕಿಲೋ. ಮೂರು ಪಾಲು ಮಾಡುವ ರೂಢಿಯಂತೆ ಮನೆಗೆ ಉಳಿಯುವುದು 10 ಕಿಲೋ. ಅದಕ್ಕೆ ಬೇಕಾದದ್ದು 20 ಲೀಟರ್ ಜಾಗ.

"ಹಾಗಾದರೆ ಉಳಿದ 280 ಲೀಟರಿನಲ್ಲಿ ಯಾರ ಪಾಲು ಇಡುತ್ತೀರಿ?" ಎಂದರು ಅತ್ತೆ.

ನಾವಿಬ್ಬರೂ ಮಾತಾಡಲಿಲ್ಲ. ಆ ಮೂರನೆಯ ದಿನದ ಸಂಜೆಯ ವಿಷಯವನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಂದು ಹೇಳಿಬಿಟ್ಟೆ.

ಅತ್ತೆ ಬೈಯಲಿಲ್ಲ. ತಮ್ಮ ಕಾಲದ ಕಥೆ ಹೇಳಿದರು. ಆಗ ಮಾಂಸಕ್ಕೆ ಉಪ್ಪು, ಅರಸಿನ ಸವರಿ ದಾರಕ್ಕೆ ಪೋಣಿಸಿ ಒಲೆಯ ಮೇಲೆ ಹೊಗೆಗೆ ತೂಗು ಹಾಕುತ್ತಿದ್ದರಂತೆ. ಮಳೆಗಾಲದಲ್ಲಿ ಅದೂ ಸರಿಯಾಗಿ ಒಣಗುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ಮಾತ್ರ ಇಟ್ಟು ಉಳಿದದ್ದನ್ನು ಅಂದೇ ಮನೆಮನೆಗೆ ಮುಟ್ಟಿಸುತ್ತಿದ್ದರು. "ಇಡಲು ಸಾಧ್ಯವಿಲ್ಲದ ಕಾಲದಲ್ಲಿ ಕೊಡುವುದು ಸುಲಭವಿತ್ತು ಮಗಳೇ, ನಿಮಗೆ ಕಷ್ಟ" ಎಂದರು.

ಸಹೋದರಿಯರೇ, ಮಾಂಸವನ್ನು ತೆಗೆದಿಡುವುದು ತಪ್ಪೆಂದು ಯಾರೂ ತಿಳಿಯಬಾರದು. ಒಂದು ವರ್ಷ ಜನರು ಕಷ್ಟದಲ್ಲಿದ್ದಾಗ ಪ್ರವಾದಿವರ್ಯರು(ಸ) ಕುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ತಡೆದಿದ್ದರು. ಮರುವರ್ಷ ಅನುಚರರು ಈ ಬಾರಿಯೂ ಹಾಗೆಯೇ ಮಾಡಬೇಕೇ ಎಂದು ಕೇಳಿದಾಗ, ತಿನ್ನಲು, ತಿನ್ನಿಸಲು, ತೆಗೆದಿಡಲು ಅನುಮತಿ ಕೊಟ್ಟರು. ಹಿಂದಿನ ವರ್ಷ ಕಷ್ಟದಲ್ಲಿದ್ದವರಿಗೆ ನೆರವಾಗಲೆಂದೇ ತಡೆದದ್ದೆಂದೂ ತಿಳಿಸಿದರು. ಸಲಮಾ ಬಿನ್ ಅಕ್ವಅ್(ರ)ರಿಂದ ಬಂದಿರುವ ಈ ವರದಿ ಬುಖಾರಿಯಲ್ಲಿದೆ. ನಾನು ಅದನ್ನು ಎಷ್ಟೋ ಬಾರಿ ಕೇಳಿದ್ದೆ. ಆದರೆ ನನ್ನ ಕಿವಿಗೆ ಬಿದ್ದದ್ದು ತೆಗೆದಿಡುವ ಅನುಮತಿ ಮಾತ್ರ. ತಿನ್ನಿಸುವುದು ಅದಕ್ಕಿಂತ ಮುಂಚೆ ಬರುತ್ತದೆಂಬುದನ್ನು ನಾನು ಗಮನಿಸಿರಲಿಲ್ಲ. ಅಲ್ ಹಜ್ಜ್ ಅಧ್ಯಾಯದ 36ನೇ ಸೂಕ್ತವು ಕೇಳದೆ ಸುಮ್ಮನಿರುವವರಿಗೂ ಕೇಳಿಕೊಂಡು ಬರುವವರಿಗೂ ಉಣಿಸಬೇಕೆಂದು ಕಲಿಸುತ್ತದೆ. ನನ್ನ ಬಾಗಿಲಿಗೆ ಬಂದವಳು ಬಾಯಿಬಿಟ್ಟು ಕೇಳಿದ್ದಳು.

ಕೊನೆಗೆ ನಾವು ತಂದದ್ದು 100 ಲೀಟರಿನ, ಮೇಲಿನಿಂದ ತೆರೆಯುವ ಫ್ರೀಝರ್. ಮಾಂಸಕ್ಕೆ, ಮಳೆಗಾಲದ ಮೀನಿಗೆ, ರಮಝಾನಿನ ತಿಂಡಿಗೆ ಅದು ಧಾರಾಳ ಸಾಕು. ಕೊಳ್ಳುವ ಸಹೋದರಿಯರಿಗೆ ನಾನು ಕಲಿತ ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲು ಕರೆಂಟ್ ಲೆಕ್ಕ ನೋಡಿ. ದಿನಕ್ಕೆ ಒಂದು ಯೂನಿಟ್ ಎಳೆಯುವ ಫ್ರೀಝರ್ ತಿಂಗಳಿಗೆ 30 ಯೂನಿಟ್ ಎಳೆಯುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಾಗ ಪ್ರತಿ ಮನೆಯ ಉಚಿತ ಮಿತಿಯನ್ನು ಅದರ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲೇ ನಿಗದಿ ಮಾಡಲಾಗಿತ್ತು. ಹೊಸ ಯಂತ್ರ ಬಂದರೆ ಮಿತಿ ದಾಟಬಹುದು, 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗಬಹುದು. ದೊಡ್ಡ ಖಾಲಿ ಪೆಟ್ಟಿಗೆಯನ್ನು ತಂಪು ಮಾಡಲು ಹಣ ಸುರಿಯುವುದು ದುಂದುವೆಚ್ಚವೇ.

ಒಲೆಯ ಹತ್ತಿರ, ಬಿಸಿಲು ಬೀಳುವಲ್ಲಿ ಇಡಬೇಡಿ. ಗೋಡೆಯಿಂದ ಒಂದು ಗೇಣು ಜಾಗ ಬಿಡಿ. ತಳದಲ್ಲಿ ನೀರು ಹೊರಬಿಡುವ ರಂಧ್ರವಿದೆಯೇ ನೋಡಿ, ಇಲ್ಲದಿದ್ದರೆ ಮಂಜು ಕರಗಿಸಿದಾಗ ನೀರನ್ನು ಬಟ್ಟೆಯಲ್ಲಿ ಹಿಂಡಿ ತೆಗೆಯಬೇಕಾಗುತ್ತದೆ. ಎಲ್ಲ ಮಾಂಸವನ್ನು ಒಂದೇ ದಿನ ತುಂಬಿಸಬೇಡಿ. 100 ಲೀಟರಿನದ್ದರಲ್ಲಿ ದಿನಕ್ಕೆ 4-5 ಕಿಲೋ ಹಸಿ ಮಾಂಸ ಇಟ್ಟರೆ ಬೇಗ ಗಟ್ಟಿಯಾಗುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಚಪ್ಪಟೆಯಾಗಿ, ಗಾಳಿ ಇಲ್ಲದಂತೆ ಕಟ್ಟಿ ದಿನಾಂಕ ಬರೆಯಿರಿ. ತುಂಡು ಮಾಂಸವನ್ನು ಆರು ತಿಂಗಳೊಳಗೆ, ಖೀಮಾ ಮತ್ತು ಯಕೃತ್ತನ್ನು ಮೂರು ತಿಂಗಳೊಳಗೆ ಮುಗಿಸಿ. ಬಂಗುಡೆ, ಬೂತಾಯಿಯಂತಹ ಕೊಬ್ಬಿನ ಮೀನಿಗೆ ಎರಡು ಮೂರು ತಿಂಗಳು ಕಳೆದರೆ ರುಚಿ ಕೆಡುತ್ತದೆ. ಫ್ರೀಝರ್ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಆದ್ದರಿಂದ ಮಂಜು ಬಿಡಿಸುವಾಗ ಹೊರಗೆ ಇಡದೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ವರ್ಗಾಯಿಸಿ.

ಕರೆಂಟ್ ಹೋದರೆ ನನ್ನಂತೆ ಇಣುಕಿ ನೋಡಬೇಡಿ. ಮುಚ್ಚಳ ತೆರೆಯದಿದ್ದರೆ ತುಂಬಿದ ಫ್ರೀಝರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪನ್ನು ಹಿಡಿದಿಡುತ್ತದೆ. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನಿಟ್ಟು ಗಟ್ಟಿ ಮಾಡಿಕೊಳ್ಳಿ, ಕುತ್ತಿಗೆಯವರೆಗೆ ಮಾತ್ರ ತುಂಬಿ. ಕರೆಂಟ್ ಬಂದ ಮೇಲೂ ಪೊಟ್ಟಣದೊಳಗೆ ಮಂಜಿನ ಹರಳುಗಳಿದ್ದರೆ ಬಳಸಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ, ವಾಸನೆ ಬಾರದಿದ್ದರೂ, ಬಿಸಾಡಿಬಿಡಿ.

ಇನ್ನೊಂದು ವಿಷಯ ಯಾವ ಕಂಪೆನಿಯ ಪುಸ್ತಕದಲ್ಲೂ ಇಲ್ಲ. ಆ ಫ್ರೀಝರ್‌ನ ಮೇಲ್ಭಾಗದಲ್ಲಿ ತಂತಿಯ ಒಂದು ಬುಟ್ಟಿ ತೂಗುತ್ತದೆ. ಅತ್ತೆಯ ಮಾತಿನಂತೆ ಅದು ನಮ್ಮದಲ್ಲ. ಬಕ್ರೀದಿನ ದಿನ ಮನೆಗೆ ಪೊಟ್ಟಣ ಕಟ್ಟುವ ಮೊದಲು ಒಂದೊಂದು ಕಿಲೋದ ಆರೇಳು ಪೊಟ್ಟಣಗಳನ್ನು ಆ ಬುಟ್ಟಿಗೆ ಹಾಕುತ್ತೇವೆ. ತಡವಾಗಿ ಬರುವವರಿಗೆ, ಜ್ವರದಿಂದ ಬರಲಾಗದವರಿಗೆ, ಹೇಳಿಕೊಳ್ಳಲು ನಾಚುವವರಿಗೆ ಅದು ಕಾಯುತ್ತದೆ. ಅತ್ತೆಯ ಕಾಲದಲ್ಲಿ ಮೂರನೆಯ ದಿನ ಬಂದವರಿಗೆ ಕೊಡಲು ನಿಜವಾಗಿಯೂ ಏನೂ ಉಳಿದಿರುತ್ತಿರಲಿಲ್ಲ. ನಮಗೆ ಆ ನೆಪವಿಲ್ಲ. ಈ ಯಂತ್ರದಿಂದ ಬಚ್ಚಿಡಲೂ ಬಹುದು, ಬಡವರ ಪಾಲನ್ನು ಕಾಪಾಡಲೂ ಬಹುದು.

ಫ್ರೀಝರ್ ಬಂದ ಮೊದಲ ಬಕ್ರೀದಿಗೆ, 2024ರಲ್ಲಿ, ಬುಟ್ಟಿಯಿಂದ ಎರಡು ಪೊಟ್ಟಣ ತೆಗೆದುಕೊಂಡು ರಸ್ತೆಯಾಚೆಯ ಆ ಕೋಣೆಗೆ ನಾನೇ ಹೋದೆ. ಬಾಗಿಲು ತೆರೆದವರು ಬೇರೆ ಯಾರೋ. ಆಕೆ ಮಗಳನ್ನು ಕರೆದುಕೊಂಡು ಕೋಣೆ ಬಿಟ್ಟು ಹೋಗಿ ಕೆಲವು ತಿಂಗಳುಗಳಾಗಿವೆ ಎಂದರು. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ. ಪೊಟ್ಟಣಗಳನ್ನು ಅವರಿಗೇ ಕೊಟ್ಟು ಬಂದೆ.

ಮನೆಗೆ ಬಂದು ಬುಟ್ಟಿಗೆ ಮತ್ತೆ ಎರಡು ಪೊಟ್ಟಣ ಹಾಕಿದೆ. ಈಗಲೂ ಪ್ರತಿ ಬಕ್ರೀದಿನ ಮೂರನೆಯ ದಿನ ಸಂಜೆ ಗೇಟಿನ ಸದ್ದಾದರೆ ನಾನೇ ಎದ್ದು ಹೋಗಿ ನೋಡುತ್ತೇನೆ. ಅಲ್ಲಾಹನು ನನ್ನನ್ನು ಕ್ಷಮಿಸಲಿ. ಆಕೆಯನ್ನೂ ಆ ಮಗುವನ್ನೂ ಎಲ್ಲೇ ಇದ್ದರೂ ಹಸಿವಿಲ್ಲದೆ ಇಟ್ಟಿರಲಿ. ಆಮೀನ್.