ಅಡ್ಡಗಾಳಿಯ ರುಚಿ

ಹೇಮಾವತಿ ದಂಡೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದ ಮೇಲೆ ನಮ್ಮ ಹಾಸನದ ಕಡೆ ವಿಮಾನದ ಹುಚ್ಚಿಗೆ ಒಂದಿಷ್ಟು ಮರ್ಯಾದೆ ಬಂದಿದೆ. ರಿಮೋಟಿನ ಪುಟ್ಟ ವಿಮಾನಕ್ಕೆ ಇನ್ನೂ ಬಂದಿಲ್ಲ. ಬರದಿದ್ದರೆ ಬೇಡ. ಆಷಾಢ ಹುಟ್ಟಿತೆಂದರೆ ನಾನು ಬಾಲ್ಸಾ ಕಡ್ಡಿ, ಅಂಟು, ಬ್ಯಾಟರಿ ಹೊತ್ತು ಬಯಲು ಹುಡುಕಿ ಹೊರಡುತ್ತೇನೆ. ಅರಕಲಗೂಡಿನ ಕಡೆ ಗುಡ್ಡ, ಮರಗಳ ಹಿಂದೆ ಗಾಳಿ ಸುಳಿ ಸುತ್ತುತ್ತದೆ, ಅದನ್ನು ನಂಬುವಂತಿಲ್ಲ. ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣದತ್ತ ಬಂದರೆ ಪಡುವಣ ಗಾಳಿ ಒಂದೇ ಸಮ ಬೀಸುತ್ತದೆ. ತೆಂಗಿನ ಗರಿಗಳೇ ದಿಕ್ಕು ಹೇಳುತ್ತವೆ.

ನನ್ನದು ಪುಷ್ಪಕ್ ಮಾದರಿ. ಅಸಲಿ ಪುಷ್ಪಕ್ ಬೆಂಗಳೂರಿನ ಎಚ್‌ಎಎಲ್ ಕಟ್ಟಿ 1958ರಲ್ಲಿ ಮೊದಲು ಹಾರಿಸಿದ ಎರಡು ಸೀಟಿನ ವಿಮಾನ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳು ಕಲಿತದ್ದು ಅದರಲ್ಲೇ. ಬಟ್ಟೆ ಹೊದೆಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್, ಬಾಲದಡಿ ಒಂದು ಪುಟ್ಟ ಚಕ್ರ. ಮಜಾ, ಅಪಾಯ ಎರಡೂ ಆ ಚಕ್ರದಲ್ಲೇ.

ಅಡ್ಡಗಾಳಿಯಲ್ಲಿ ಮೂಗನ್ನು ಗಾಳಿಗೆ ಕೊಟ್ಟು ಓರೆಯಾಗಿ ಇಳಿಯಬೇಕು. ನೆಲ ಹತ್ತಿರವಾದಾಗ ರಡ್ಡರಿನಿಂದ ಮೂಗನ್ನು ದಾರಿಗೆ ನೇರ ಮಾಡಿ, ಗಾಳಿಯ ಕಡೆಯ ರೆಕ್ಕೆ ತುಸು ಬಗ್ಗಿಸಿ, ಆ ಕಡೆಯ ಚಕ್ರವನ್ನು ಮೊದಲು ಊರಬೇಕು. ಒಂಟಿ ಚಕ್ರದ ಮೇಲೆ ಓಡುವ ಆ ಅರೆಗಳಿಗೆಗಾಗಿಯೇ ನಾನು ರಾತ್ರಿಯೆಲ್ಲ ಅಂಟು ಬಳಿಯುವುದು.

ಇಳಿಯಿತು ಎಂದು ನೋಡುವವರು ಚಪ್ಪಾಳೆ ತಟ್ಟುವ ಹೊತ್ತಿಗೇ ಅವಘಡ ಶುರು. ವೇಗ ತಗ್ಗಿದಂತೆ ರಡ್ಡರಿನ ಹಿಡಿತವೂ ತಗ್ಗುತ್ತದೆ. ಗಾಳಿ ಬಾಲವನ್ನು ತಳ್ಳುತ್ತದೆ. ಭಾರವೆಲ್ಲ ಮುಂದಿನ ಚಕ್ರಗಳ ಹಿಂದಿರುವುದರಿಂದ ಒಮ್ಮೆ ತಿರುಗಿದ್ದು ಇನ್ನಷ್ಟು ತಿರುಗುತ್ತದೆ. ವಿಮಾನ ಗಿರ್ರನೆ ಬುಗುರಿಯಾಗಿ, ಹೊರಬದಿಯ ರೆಕ್ಕೆ ನೆಲ ಉಜ್ಜಿ, ಕಾಲು ಮುರಿದುಕೊಂಡು ಕೂರುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಅಸಲಿ ವಿಮಾನದಲ್ಲೂ ಹೆಚ್ಚಾಗಿ ಜೀವ ಉಳಿಯುತ್ತದೆ, ಮಾನ ಹೋಗುತ್ತದೆ.

ಮೂಗಿನಡಿ ಚಕ್ರವಿರುವ ಸೆಸ್ನಾ 172ರಂಥವು ಬಂದ ಮೇಲೆ ಈ ಕಾಟ ಬಹಳ ತಗ್ಗಿತು. ಅಲ್ಲಿ ಭಾರ ಹಿಂಚಕ್ರಗಳ ಮುಂದೆ; ಓಟ ತಾನೇ ನೇರವಾಗುತ್ತದೆ. ಆದರೂ ಅದರ ಕೈಪಿಡಿ, 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದೇವೆ ಎಂದಷ್ಟೇ ಹೇಳುತ್ತದೆ. ಜಾಣ ಮಾತು!

"ಏನ್ ಸಾಮಿ, ಇವತ್ತೂ ರೆಕ್ಕೆ ಹೋಯ್ತಾ?" ಮೇಕೆ ಕಾಯುವ ಅಜ್ಜನದು ಖಾಯಂ ವಿಚಾರಣೆ. ಗೆಳೆಯರದು ಇನ್ನೊಂದು ರಾಗ, ಮೂಗಿಗೂ ಚಕ್ರ ಹಾಕು ಅಂತ. ಹಾಕಿದರೆ ಅದು ಪುಷ್ಪಕ್ ಆಗುವುದಿಲ್ಲ. ಮೇಲಾಗಿ ಗಾಳಿಯ ಜತೆ ಜಗಳಕ್ಕೆ ನನಗೆ ನೆಪವೇ ಇರುವುದಿಲ್ಲ. ಈ ಸಲ ಸೈಕಲ್ ಕಡ್ಡಿ ಬಿಟ್ಟು ಪಿಯಾನೊ ತಂತಿಯಲ್ಲಿ ಕಾಲು ಕಟ್ಟುತ್ತಿದ್ದೇನೆ.