ಕೀಲಿಕೈಯೊಳಗಿನ ಕೀಲಿಕೈ

ಅಣ್ಣಿಗೇರಿಯ ಅಮೃತೇಶ್ವರ ಗುಡಿಯ 76 ಕಂಬಗಳನ್ನು ನೋಡಿ ಹೊರಬಂದಾಗ ನಡುಮಧ್ಯಾಹ್ನ. ಜಗಲಿಯ ಮೇಲೆ ಕುಳಿತ ತಾಯಿ ಎದೆಯ ಮೇಲೆ ಕೈಯಿಟ್ಟು, “ಗುಳಿಗಿ ತಾರಪ್ಪಾ” ಎಂದರು. ನಾಲಗೆಯಡಿ ಇಡುವ ಆ ಗುಳಿಗೆ ಕಾರಿನೊಳಗಿತ್ತು.

ರಿಮೋಟಿನ ಗುಂಡಿ ಒತ್ತಿದೆ, ಕಾರು ಓಗೊಡಲಿಲ್ಲ. ಒರೆಸಿದೆ, ಬಡಿದೆ, ಅಮೃತೇಶ್ವರನಿಗೆ ಮೊರೆಯಿಟ್ಟೆ. ಕೊನೆಗೆ ಗಾಜು ಒಡೆಯಲು ಕಲ್ಲನ್ನೆತ್ತಿದೆ.

ನೆರೆದವರಲ್ಲಿದ್ದ ಗಡಿಯಾರ ರಿಪೇರಿಯ ಹುಡುಗನೊಬ್ಬ ನನ್ನ ಕೈ ಹಿಡಿದನು. “ತಡೀರಿ ಸರ, ಕೀಲಿಕೈ ಇದರಾಗ ಐತಿ!” ರಿಮೋಟಿನ ಬದಿಯ ಪುಟ್ಟ ಕೊಂಡಿಯನ್ನು ಸರಿಸಿದನು, ಒಳಗಿನಿಂದ ಉಕ್ಕಿನ ಕೀಲಿಕೈ ಜಾರಿ ಬಂದಿತು. ಬಾಗಿಲು ತೆರೆಯಿತು, ಗುಳಿಗೆ ತಾಯಿಯ ನಾಲಗೆಯಡಿ ಸೇರಿತು. ಅವರ ಉಸಿರು ಹದಕ್ಕೆ ಬಂದ ಮೇಲೆಯೇ ನನ್ನದೂ ಹದಕ್ಕೆ ಬಂದಿತು.

ಸತ್ತದ್ದು ನಾಣ್ಯದಂಥ 3 ವೋಲ್ಟಿನ ‘ಸಿಆರ್ 2032’ ಸೆಲ್ಲು. ಹುಡುಗ ತನ್ನ ಅಂಗಡಿಯಿಂದ ಹೊಸದನ್ನು ತಂದು ಹಾಕಿದನು. ಸೆಲ್ಲು ಸತ್ತರೂ ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಎಂಜಿನ್ ಹೊರಡಿಸಬಹುದೆಂದು ಕಾರಿನ ಕೈಪಿಡಿಯಲ್ಲಿತ್ತು. ನಾನು ಅದರ ಪುಟ ತೆರೆದದ್ದು ಅಂದು ರಾತ್ರಿ. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಜಾಣ ನಾನೇ, ಓದುಗರೇ!

ಈಗ ಕೈಪಿಡಿ ಕಾರಿನಲ್ಲಿದೆ. ತಾಯಿಯ ಗುಳಿಗೆ ನನ್ನ ಜೇಬಿನಲ್ಲಿದೆ.