ಕಲಾಯಿ ಕಾಲಂ

ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಬೇಕಂದ್ರೆ ಒಳಗೆ ಕಲಾಯಿ ಇರಲೇಬೇಕು, ಇಲ್ಲಾಂದ್ರೆ ಕಿಲುಬು ಸಾರಿಗಿಳಿಯುತ್ತೆ. ನಮ್ಮೂರಿಗೆ ಬರ್ತಿದ್ದ ಕಲಾಯಿಯವರು ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ ಹತ್ತಿಯಲ್ಲಿ ಒರೆಸಿದ್ರೆ ಬೆಳ್ಳಿ ಥರ ಹೊಳೆಯೋದು. ತವರ 232 ಡಿಗ್ರಿಗೇ ಕರಗುತ್ತೆ, ಇದ್ದಿಲ ಒಲೆ ಸಾಕು. ಕಾಸು ಉಳಿಸೋಕೆ ತವರಕ್ಕೆ ಸೀಸ ಬೆರೆಸೋರೂ ಉಂಟು. ಹೊಳಪು ನೋಡಿ ಅದನ್ನ ಕಂಡುಹಿಡಿಯೋಕಾಗಲ್ಲ.

ನೀರಿನ ಪರೀಕ್ಷೆಯ ವರದಿ ತಯಾರಿಸೋ ಸಾಫ್ಟ್‌ವೇರ್‌ಗೆ ಕೋಡ್ ಬರೆಯೋದು ಈಗ ನನ್ನ ಹೊಟ್ಟೆಪಾಡು. ಇಲ್ಲೂ ಅದೇ ಕಥೆ. ನೀರನ್ನ ಮೇಲೆತ್ತೋ ಲೋಹ ತಾನೂ ಸ್ವಲ್ಪ ನೀರಿಗಿಳಿಯುತ್ತೆ.

ಭೂಮಿಯ ವಯಸ್ಸನ್ನ ಸುಮಾರು 455 ಕೋಟಿ ವರ್ಷ ಅಂತ ಲೆಕ್ಕ ಹಾಕಿದ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಆಮೇಲೆ ಕಡಲ ನೀರಲ್ಲಿ ಸೀಸ ಹುಡುಕಿದ್ರು. ಹಳೇ ಅಂಕಿಗಳು ಎಷ್ಟೋ ಪಟ್ಟು ಜಾಸ್ತಿ ಇದ್ವು. ಆ ಸೀಸದಲ್ಲಿ ಬಹುಪಾಲು ಕಡಲಿನದ್ದಲ್ಲ. ಹಡಗಿನದ್ದು, ಉಪಕರಣದ್ದು, ಲ್ಯಾಬಿನ ಧೂಳಿನದ್ದು! ಈಗ ಇಂಥ ಕೆಲಸಕ್ಕೆ ಬಾಟಲಿಯ ಒಳಮೈಗೆ ಟೆಫ್ಲಾನ್ ಬಳೀತಾರೆ. ಅದನ್ನ ಇಳಿಸೋ ಉಕ್ಕಿನ ಹಗ್ಗಕ್ಕೂ ಪ್ಲಾಸ್ಟಿಕ್ ಹೊದಿಕೆ, ಇಲ್ಲವೇ ಉಕ್ಕು ಬಿಟ್ಟು ಕೆವ್ಲಾರ್ ಹಗ್ಗ.

ಹಾಗಂತ ಎಲ್ಲದಕ್ಕೂ ಟೆಫ್ಲಾನ್ ಬಳಿದು ಕೂರೋ ಹಾಗಿಲ್ಲ. ಪಿಎಫ್‌ಎಎಸ್ ಅನ್ನೋ ಫ್ಲೋರಿನ್ ರಾಸಾಯನಿಕಗಳನ್ನ ಹುಡುಕೋವಾಗ ಟೆಫ್ಲಾನ್ ಹತ್ತಿರಕ್ಕೂ ತರಬೇಡಿ ಅಂತಾರೆ, ಅದೂ ಅದೇ ಕುಲದ್ದು. ತುಕ್ಕು ಹಿಡಿಯದಿರಲಿ ಅಂತ ಸತು ಲೇಪಿಸಿದ ಬಕೆಟ್ಟಲ್ಲಿ ನೀರು ಸೇದಿ, ಸತು ಎಷ್ಟಿದೆ ನೋಡಿ ಅಂತ ಕಳಿಸಿದ್ರೆ ಬಕೆಟ್ಟೂ ಲೆಕ್ಕಕ್ಕೆ ಸೇರುತ್ತೆ. ಸ್ಟೇನ್‌ಲೆಸ್ ಸ್ಟೀಲಿಗೆ ಮಾತ್ರ ಕಲಾಯಿಯವರು ಬೇಡ. ಅದರೊಳಗಿನ ಕ್ರೋಮಿಯಂ ಗಾಳಿ ಸೋಕಿ ತಾನೇ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟಿಕೊಳ್ಳುತ್ತೆ. ಗೀಚಿದ್ರೆ ಮತ್ತೆ ಕಟ್ಟುತ್ತೆ. ಆದ್ರೆ ಬ್ಲೀಚಿಂಗ್ ನೀರಲ್ಲಿ ನೆನೆಹಾಕಿಬಿಟ್ರೆ ಅಲ್ಲಲ್ಲಿ ಗುಳಿ ಬೀಳುತ್ತೆ, ಅಲ್ಲಿಂದ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಹೊರಡ್ತವೆ. ಶುಚಿ ಮಾಡ್ತೀವಿ ಅಂತ ದಿನಾ ಅದನ್ನೇ ಮಾಡೋದನ್ನ ನೋಡಿದ್ದೀನಿ.

ಇಷ್ಟೆಲ್ಲ ಆದ ಮೇಲೂ ನಮ್ಮ ವರದಿಯಲ್ಲಿ ಸತು ನಾಲ್ಕು ದಶಮಾಂಶದವರೆಗೆ ಬರುತ್ತೆ. ನೀರನ್ನ ಯಾವುದರಲ್ಲಿ ತೆಗೆದ್ರು, ಅದರ ಒಳಮೈಗೆ ಏನು ಬಳಿದಿತ್ತು ಅನ್ನೋ ಕಾಲಂ ಮಾತ್ರ ಖಾಲಿ. ಒಂದು ಊರಿನ ಬೋರ್‌ವೆಲ್ ಮುಚ್ಚಬೇಕೋ ಬೇಡ್ವೋ ಅಂತ ನಿರ್ಧಾರ ಆಗೋದು ಆ ಕಾಗದದ ಮೇಲೇನೇ. ಕಾಲಂ ತುಂಬದೆ ವರದಿ ಪ್ರಿಂಟ್ ಆಗಬಾರದು ಅಂತ ಮೀಟಿಂಗಲ್ಲಿ ಹೇಳಿದೆ. ಫಾರಂ ಉದ್ದ ಆಗುತ್ತೆ ಸಾರ್, ಹುಡುಗರು ತುಂಬಲ್ಲ ಅಂದ್ರು. ಮುಂದಿನ ಮೀಟಿಂಗ್ ಮಂಗಳವಾರ ಇದೆ, ಮತ್ತೆ ಕೇಳ್ತೀನಿ.